ನಡಾವಳಿಯಲ್ಲಿ ಬಿಟ್ಟ ಜಾಗ

ಲ್ಯಾಂಕಶೈರ್ ಕರಾವಳಿ, ಸ್ಕಾರ್ವಿಕ್ ಎಂಬ ಸಣ್ಣ ಊರು.
ಪುರಸಭೆಯ ನಡಾವಳಿ ಬರೆಯುವವಳು ವಿನಿಫ್ರೆಡ್ ಥ್ರೆಲ್ಫಾಲ್.
ಪಕ್ಕದ ಮೇಜು ನನ್ನದು, ಒಂಬತ್ತು ತಿಂಗಳ ಹಂಗಾಮಿ;
ಅವಳು ಬರೆದ ಸಾಲುಗಳಿಗೆ ಸಂಖ್ಯೆ ಹಾಕುವುದು ಕೆಲಸ.

ಮೊದಲ ದಿನವೇ ಹೇಳಿಕೊಟ್ಟಳು:
ಇಲ್ಲಿ ಯಾರೂ ಧಡಕ್ಕನೆ ಮಾತಿನ ಒಳಗೆ ಬರುವುದಿಲ್ಲ,
ಹೊಸ್ತಿಲಲ್ಲಿ ನಿಂತು ಬೂಟು ಒರೆಸುತ್ತಾರೆ.
ದ ಥಿಂಗ್ ಈಸ್ ದಟ್,
ದ ಟ್ರಬಲ್ ಈಸ್ ದಟ್,
ಮೈ ವರಿ ಈಸ್ ದಟ್.
ಒರೆಸಿದ್ದನ್ನು ಬಿಡು,
ಒಳಗೆ ಬಂದದ್ದನ್ನು ಮಾತ್ರ ಬರೆ.

ಬಿಟ್ಟೆ.
ಬಿಟ್ಟದ್ದೇ ಕಿವಿಯಲ್ಲಿ ಉಳಿಯಿತು.

ಮೀನಂಗಡಿಯ ಎನಿಡ್ ಪೊಲಿಟ್‌ಗೆ
ಕಡಲಹಕ್ಕಿಗಳು ಕಸದ ಚೀಲ ಹರಿಯುವುದೇ ಟ್ರಬಲ್.
ಅವಳು 'ಈಸ್' ಅಂದು ಒಮ್ಮೆ ಉಸಿರು ತೆಗೆದುಕೊಳ್ಳುತ್ತಾಳೆ,
'ದಟ್' ಅನ್ನು ಗುಳಿಗೆಯಂತೆ ನುಂಗಿಬಿಡುತ್ತಾಳೆ.
ಖಜಾಂಚಿ ಮಾತ್ರ ಪ್ರತಿ ಸಲ
ದ ಪಾಯಿಂಟ್ ಈಸ್, ಈಸ್ ದಟ್ –
ಬೀಗ ಹಾಕಿದ ಮೇಲೂ
ಒಮ್ಮೆ ಜಗ್ಗಿ ನೋಡುವವನ ಹಾಗೆ.

ಈ 'ಈಸ್' ತಕ್ಕಡಿಯ ಮುಳ್ಳು, ನೋಡಿ.
ಇತ್ತ ತಟ್ಟೆಯಲ್ಲಿ ಥಿಂಗ್, ಒಂದು ಗುಂಡಿಯಷ್ಟು ಪದ.
ಅತ್ತ ಇಡೀ ಒಂದು ವಾಕ್ಯ,
ಕರ್ತೃ, ಕರ್ಮ, ಸೋರುವ ಛಾವಣಿ, ತಡವಾದ ಬಸ್ಸು,
ಮಕ್ಕಳು ಮರಿ ಸಮೇತ ಹತ್ತಿ ಕೂತಿರುತ್ತದೆ.
ಆದರೂ ಮುಳ್ಳು ಅಲುಗುವುದಿಲ್ಲ.

ನಮ್ಮ 'ಅಂತ' ಕೊನೆಗೆ ಬರುವಂಥದ್ದು.
ಹೇಳುವುದೆಲ್ಲ ಹೇಳಿ, ಹೊರಗೆ ಕಾಲಿಟ್ಟು,
ಬಾಗಿಲು ಎಳೆದುಕೊಂಡ ಸದ್ದು ಅದು.
'ಏನಂದ್ರೆ' ಉಂಟಲ್ಲ ಅಂತೀರಿ.
ಉಂಟು; ಆದರೆ ಅದು ತಾನೇ 'ಏನು' ಅಂತ ಕೇಳಿ
ತಾನೇ ಉತ್ತರಕ್ಕೆ ಓಡುತ್ತದೆ.
ಇವರ 'ದಟ್' ಏನನ್ನೂ ಕೇಳುವುದಿಲ್ಲ,
ಬಾಗಿಲು ತೆರೆದು ಹಿಡಿದು ನಿಲ್ಲುತ್ತದೆ ಅಷ್ಟೆ.
ಬರುವವರು ಬಾರದೆಯೂ ಇರಬಹುದು.

ವಿನಿಫ್ರೆಡ್‌ಳ ಗಂಡ ಹೆಡ್ಲಿ, ಕಡವಿನ ದೋಣಿಯವನು.
'ಮನೆಯಲ್ಲೂ ಅಷ್ಟೆ' ಅಂದಿದ್ದಳು ಒಮ್ಮೆ, ಸ್ಟೇಪ್ಲರಿಗೆ ಪಿನ್ನು ತುಂಬುತ್ತ,
'ಥಿಂಗ್ ಈಸ್, ಅನ್ನುತ್ತಾನೆ.
ಆಮೇಲೆ ಕೆಟಲ್ ಇಡಲು ಎದ್ದು ಹೋಗುತ್ತಾನೆ.
ಇಪ್ಪತ್ತಾರು ವರ್ಷದಲ್ಲಿ
ಎಷ್ಟು ಚಹಾ ಕುಡಿದಿದ್ದೇನೆ ಲೆಕ್ಕ ಹಾಕು.'

ಮಾರ್ಚಿಯ ಸಭೆ. ವಿಷಯ: ದೋಣಿ ನಿಲ್ಲಿಸುವುದು.
ಖಜಾಂಚಿಯ ಈಸ್ ಈಸ್ ಮುಗಿಯಿತು:
ಚಳಿಗಾಲದಲ್ಲಿ ದಿನಕ್ಕೆ ಹದಿನಾಲ್ಕು ಟಿಕೆಟ್ಟು.
ಹಿಂದಿನ ಸಾಲಿನಲ್ಲಿ ಹೆಡ್ಲಿ ಎದ್ದ,
ಡೀಸೆಲ್ ವಾಸನೆಯ ಕಿತ್ತಳೆ ಕೋಟಿನಲ್ಲೇ.
'ದ ಥಿಂಗ್ ಈಸ್' ಅಂದ.
ಎಂದೂ ಹೇಳದ ಇನ್ನೊಂದು ಪದವನ್ನೂ ಹೇಳಿದ:
'ದಟ್.'

ವಿನಿಫ್ರೆಡ್ ತಲೆ ಎತ್ತಿದಳು.
ನೀರು ಕಾಯುವ ಸದ್ದಿಲ್ಲ, ಎದ್ದು ಹೋಗಲು ಅಡುಗೆಮನೆಯಿಲ್ಲ.
ರೇಡಿಯೇಟರು ಟಿಕ್ ಟಿಕ್ ಅಂದಿತು.
ಅಧ್ಯಕ್ಷರು ಗಡಿಯಾರ ನೋಡಿದರು, ಕನ್ನಡಕ ಒರೆಸಿದರು.
ಹೆಡ್ಲಿಯ ತುಟಿ ಎರಡು ಸಲ ಅಲುಗಿತು.
ಕೂತ.

ಮರುದಿನ ಕರಡು ನನ್ನ ಮೇಜಿಗೆ ಬಂತು.
ಎಲ್ಲರ ಬೂಟೊರೆಸೂ ಕತ್ತರಿಸಿ ಚೊಕ್ಕಟವಾಗಿತ್ತು,
ಒಂದು ಕಡೆ ಬಿಟ್ಟು:
ಶ್ರೀ ಎಚ್. ಥ್ರೆಲ್ಫಾಲ್: ದ ಥಿಂಗ್ ಈಸ್ ದಟ್
ಆಮೇಲೆ ನಾಲ್ಕು ಸಾಲು ಬಿಳಿ.

ಇದಕ್ಕೂ ಸಂಖ್ಯೆ ಹಾಕಲೇ, ಕೇಳಿದೆ.
'ಹಾಕು' ಅಂದಳು, ನನ್ನ ಕಡೆ ತಿರುಗದೆ.
ನಲವತ್ತೊಂದು. ನಲವತ್ತೆರಡು.
ನಲವತ್ಮೂರರ ಹತ್ತಿರ ಪೆನ್ನು ಒಂದು ಚೂರು ನಿಂತಿತು.
ನಲವತ್ನಾಲ್ಕು.

ದೋಣಿಯೇನೋ ನಿಂತಿತು, ಅಕ್ಟೋಬರಿನಿಂದ.
ಆದರೆ ಏಪ್ರಿಲ್ ಸಭೆಯ ಮೊದಲ ಕೆಲಸವಾಗಿ
ಅಧ್ಯಕ್ಷರು ಪುಟ ತಿರುವಿ,
ಆ ಬಿಳಿಯ ಮೇಲೆ ಬೆರಳಿಟ್ಟು, ಒಂದು ಗಳಿಗೆ ತಡೆದು,
ಕಳೆದ ಸಭೆಯ ನಡಾವಳಿ ಇದ್ದದ್ದು ಇದ್ದ ಹಾಗಿದೆಯೇ ಎಂದು ಕೇಳಿದಾಗ
ಎನಿಡ್ ಎತ್ತಿದಳು ಕೈ, ಖಜಾಂಚಿ ಎತ್ತಿದ,
ಮಿಕ್ಕವರೂ ಒಬ್ಬೊಬ್ಬರೇ ಎತ್ತಿದರು,
ಸರಿಯಾಗಿದೆ ಅಂತ.